ಎಡಿಸನ್ನಿನ ಬಿವೈಒಬಿ ಹೋಟ್ಲು: ಕಾರ್ಕೇಜ್ ಸೊನ್ನೆ, ವೈನ್ ಗ್ಲಾಸೂ ಸೊನ್ನೆ

ಮೊದಲೇ ರೇಟಿಂಗ್ ಹೇಳಿಬಿಡ್ತೀನಿ. ಊಟಕ್ಕೆ ಐದಕ್ಕೆ ನಾಲ್ಕೂವರೆ, ನಾವು ತಗೊಂಡು ಹೋದ ವೈನನ್ನ ಅವರು ನೋಡ್ಕೊಂಡ ರೀತಿಗೆ ಐದಕ್ಕೆ ಒಂದೂವರೆ, ಆದ್ರೂ ಬಿಲ್ ನೋಡಿದ ಮೇಲೆ ಮತ್ತೆ ಹೋಗೋದ್ರಲ್ಲಿ ಡೌಟೇ ಇಲ್ಲ. ಜಾಗ ಯಾವ್ದು ಅಂದ್ರೆ ನ್ಯೂಜೆರ್ಸಿ ಎಡಿಸನ್ ಕಡೆ, ಓಕ್ ಟ್ರೀ ರೋಡಿಂದ ಒಂಚೂರು ಒಳಗೆ, ಒಂದು ಪಕ್ಕ ಐಬ್ರೋ ಥ್ರೆಡಿಂಗ್ ಪಾರ್ಲರು ಇನ್ನೊಂದು ಪಕ್ಕ ಟ್ಯಾಕ್ಸ್ ಫೈಲಿಂಗ್ ಆಫೀಸು, ಮಧ್ಯೆ ಈ ಹೋಟ್ಲು. ಹೆಸರು ಹಾಕಲ್ಲ, ಯಾಕಂದ್ರೆ ಈಗ್ಲೇ ಶನಿವಾರ ರಾತ್ರಿ ಮುಕ್ಕಾಲು ಗಂಟೆ ಬಾಗಿಲಲ್ಲಿ ನಿಲ್ಲಿಸ್ತಾರೆ, ಇನ್ನು ನೀವೆಲ್ಲಾ ಬಂದ್ರೆ ನನಗೆ ಟೇಬಲ್ ಸಿಗಲ್ಲ. ಈ ಏರಿಯಾದಲ್ಲಿ ಇದೇ ಥರದ್ದು ಬೇಕಾದಷ್ಟಿವೆ, ಯಾವ್ದಕ್ಕೆ ಹೋದ್ರೂ ಕತೆ ಹೆಚ್ಚುಕಮ್ಮಿ ಇದೇ.

ಬಾಗಿಲ ಗಾಜಿನ ಮೇಲೆ ಬಿವೈಒಬಿ ಅಂತ ಸ್ಟಿಕ್ಕರ್ ಇದೆ, ಅಂದ್ರೆ ನಿಮ್ಮ ಬಾಟಲಿ ನೀವೇ ತನ್ನಿ ಅಂತ. ಊರಿಂದ ಹೊಸದಾಗಿ ಬಂದೋರು ಇದನ್ನ ನೋಡಿ "ಅಯ್ಯೋ ಎಷ್ಟು ಒಳ್ಳೆ ಜನ" ಅಂದ್ಕೋತಾರೆ, ಒಳ್ಳೆ ಜನಾನೇ ಬಿಡಿ, ಆದ್ರೆ ಅಸಲಿ ಕಾರಣ ಬೇರೆ ಇದೆ. ನ್ಯೂಜೆರ್ಸಿಯಲ್ಲಿ ಹೋಟ್ಲಿಗೆ ಲಿಕ್ಕರ್ ಲೈಸೆನ್ಸ್ ಅನ್ನೋದು ಊರಿನ ಜನಸಂಖ್ಯೆ ಲೆಕ್ಕದಲ್ಲಿ ಕೊಡೋದು, 3,000 ಜನಕ್ಕೆ ಒಂದು ಅಂತ. ಹಂಗಾಗಿ ಹೊಸ ಲೈಸೆನ್ಸ್ ಹುಟ್ಟೋದೇ ಅಪರೂಪ, ಇರೋರ ಹತ್ರ ಕೊಂಡ್ಕೋಬೇಕು, ಕೆಲವು ಟೌನ್‌ಗಳಲ್ಲಿ ಒಂದು ಲೈಸೆನ್ಸಿಗೆ ಹತ್ತು ಲಕ್ಷ ಡಾಲರ್ ದಾಟಿದ್ದೂ ಇದೆ. ದೋಸೆ, ಬಿರಿಯಾನಿ, ಗೋಬಿ ಮಂಚೂರಿ ಮಾರೋ ಹನ್ನೆರಡು ಟೇಬಲ್ ಹೋಟ್ಲು ಅಷ್ಟು ದುಡ್ಡು ಎಲ್ಲಿಂದ ತರತ್ತೆ? ಅದಕ್ಕೇ ಲೈಸೆನ್ಸ್ ಸಹವಾಸವೇ ಬೇಡ ಅಂತ ಬಾಟಲಿ ತರೋ ಕೆಲಸ ನಮಗೇ ಬಿಟ್ಟಿರೋದು. ಹಾಗಂತ ಏನು ಬೇಕಾದ್ರೂ ತರಂಗಿಲ್ಲ, ಲೈಸೆನ್ಸ್ ಇಲ್ಲದ ಹೋಟ್ಲಿಗೆ ವೈನು ಬಿಯರು ಅಷ್ಟೇ. ವಿಸ್ಕಿ, ರಮ್ಮು ತಂದು ಟೇಬಲ್ ಕೆಳಗೆ ಇಟ್ಕೊಳ್ಳೋ ಅಂಕಲ್‌ಗಳು ಇದ್ದಾರೆ, ದಯವಿಟ್ಟು ಬೇಡ, ಫೈನ್ ಬಿದ್ರೆ ಹೋಟ್ಲಿನವರ ತಲೆ ಮೇಲೆ ಬರತ್ತೆ.

ಈಗ ಇಂಟರೆಸ್ಟಿಂಗ್ ವಿಷಯಕ್ಕೆ ಬರ್ತೀನಿ. ಕಾರ್ಕೇಜ್ ಅಂದ್ರೆ ನಾವು ತಂದ ಬಾಟಲಿ ತೆಗೆದು ಗ್ಲಾಸಿಗೆ ಹಾಕಿ ಕೊಡೋಕೆ ಹೋಟ್ಲಿನವರು ತಗೊಳ್ಳೋ ಚಾರ್ಜು. ಬೇರೆ ಎಲ್ಲಾ ಕಡೆ ಮಾಮೂಲಿ. ಇಲ್ಲಿ ಮಾತ್ರ ಬಿಲ್‌ನಲ್ಲಿ ಅದು ಕಾಣಲ್ಲ. ನಾನು ತುಂಬಾ ದಿನ ಏನಂದ್ಕೊಂಡಿದ್ದೆ ಅಂದ್ರೆ ಇದು ಗಿರಾಕಿ ಸೆಳೆಯೋ ಐಡಿಯಾ ಅಂತ. ಆ ಹೋಟ್ಲಿನ ಮ್ಯಾನೇಜರ್ ಕುಂದಾಪುರ ಕಡೆಯವರು, ನಾವು ಕನ್ನಡ ಮಾತಾಡೋದು ಕೇಳಿಸ್ಕೊಂಡು ಟೇಬಲ್ ಹತ್ರ ಬಂದು ನಿಂತ್ರು, ಮಾತಿಗೆ ಮಾತು ಬಂದು ನಾನೇ ಕೇಳ್ದೆ, "ಸರ್, ಹತ್ತು ಡಾಲರ್ ತಗೊಳಿ, ಒಂದು ಸರಿಯಾದ ಗ್ಲಾಸ್ ಕೊಡಿ, ನಮಗೇನೂ ಬೇಜಾರಿಲ್ಲ" ಅಂತ. ಅವರು ನಕ್ಕುಬಿಟ್ರು. "ಚಾರ್ಜ್ ಮಾಡ್ಲಿಕ್ಕೆ ಇಲ್ಲ ಮೇಡಂ, ಕಾನೂನೇ ಬಿಡುದಿಲ್ಲ. ಗ್ಲಾಸ್ ತಂದಿಟ್ರೆ ವಾರಕ್ಕೆ ಎಷ್ಟು ಒಡೀತದೆ, ಅದನ್ನು ಯಾರ ಹತ್ರ ಕೇಳುದು ಮಾರಾಯ್ರೆ?" ಮನೆಗೆ ಬಂದು ನೋಡಿದ್ರೆ ಅವರು ಹೇಳಿದ್ದು ಸರಿ. ಇಲ್ಲಿನ ಕಾನೂನಿನಲ್ಲೇ ಬರೆದಿದೆ, ಲೈಸೆನ್ಸ್ ಇಲ್ಲದ ಹೋಟ್ಲು ಗಿರಾಕಿ ತಂದ ವೈನಿಗೆ ಕಾರ್ಕೇಜ್ ಆಗ್ಲಿ ಕವರ್ ಚಾರ್ಜ್ ಆಗ್ಲಿ ಸರ್ವಿಸ್ ಚಾರ್ಜ್ ಆಗ್ಲಿ ತಗೊಳ್ಳೋ ಹಾಗಿಲ್ಲ. ಕೊಡೋಕೆ ನಾನು ರೆಡಿ, ತಗೊಳ್ಳೋಕೆ ಅವರೂ ರೆಡಿ, ಮಧ್ಯದಲ್ಲಿ ಸರ್ಕಾರ ಕೂತಿದೆ. ಗಿರಾಕಿಗೆ ಲಾಭ ಆಗ್ಲಿ ಅಂತಾನೇ ಮಾಡಿರಬಹುದು, ಆದ್ರೆ ಆ ಲಾಭ ಪ್ಲಾಸ್ಟಿಕ್ ಕಪ್ಪಿನಲ್ಲಿ ಬರತ್ತೆ.

ಪ್ಲಾಸ್ಟಿಕ್ ಕಪ್ಪು ಅಂದಿದ್ದು ಸುಮ್ನೆ ಮಾತಿಗಲ್ಲ. ಮೊದಲ ಸಲ ಹೋದಾಗ ನೀರು ಕುಡಿಯೋ ಸ್ಟೀಲ್ ಲೋಟ ಇಟ್ರು, ಅದೂ ನಮ್ಮೂರ ದರ್ಶಿನಿಗಳಲ್ಲಿ ಇರತ್ತಲ್ಲ, ಅಂಚು ಹೊರಗೆ ಮಡಚಿರೋದು, ಅಂಥದ್ದು. ಅದರಲ್ಲಿ ವೈನ್ ಸುರಿದ್ರೆ ಬಣ್ಣ ಕಾಣಲ್ಲ, ಕೆಂಪೋ ಕಪ್ಪೋ ಗೊತ್ತಾಗಲ್ಲ, ಮೂಗು ಹತ್ರ ತಂದ್ರೆ ಪಾತ್ರೆ ಸೋಪಿನ ನಿಂಬೆ ವಾಸನೆ, ಅದರ ಹಿಂದೆ ಎಲ್ಲೋ ಸಾಂಬಾರ್ ಪುಡಿ. ಬೇಡ ಅಂದಿದ್ದಕ್ಕೆ ಹುಡುಗ ಓಡಿಹೋಗಿ ಬರ್ತ್‌ಡೇ ಪಾರ್ಟಿಗೆ ತರ್ತಾರಲ್ಲ ಆ ಪಾರದರ್ಶಕ ಪ್ಲಾಸ್ಟಿಕ್ ಕಪ್ಪು ತಂದ, ಒತ್ತಿ ಹಿಡಿದ್ರೆ ಚಪ್ಪಟೆ ಆಗೋ ಥರದ್ದು. ಬಾಟಲಿ ಓಪನರ್ ಕೇಳಿದ್ರೆ ಬಿಯರ್ ಮುಚ್ಚಳ ತೆಗೆಯೋದು ಮಾತ್ರ ಇತ್ತು, ಕಾರ್ಕ್ ತೆಗೆಯೋ ಸ್ಕ್ರೂ ಯಾರೋ ಹೋದ ವಾರ ತಗೊಂಡು ಹೋಗಿದ್ದಾರಂತೆ. ಒಳಗಿಂದ ಅಡುಗೆಯವರು ಬಂದು ಸೌಟಿನ ಹಿಡಿಯಿಂದ ಕಾರ್ಕನ್ನ ಬಾಟಲಿ ಒಳಗೇ ತಳ್ಳಿಕೊಟ್ರು, ಆಮೇಲೆ ಪ್ರತಿ ಸಲ ಬಗ್ಗಿಸಿದಾಗ್ಲೂ ಅದು ಬಾಯಿಗೆ ಬಂದು ಅಡ್ಡ ನಿಲ್ಲೋದು, ಚಮಚದ ಹಿಡೀಲಿ ಒತ್ತಿ ಹಿಡ್ಕೊಂಡು ಸುರಿಯೋದು. ಪಕ್ಕದ ಟೇಬಲ್ ಗುಜರಾತಿ ಫ್ಯಾಮಿಲಿಗೆ ಫ್ರೀ ಮನರಂಜನೆ.

ಹಂಗಾಗಿ ಈಗ ನನ್ನ ಹತ್ರ ಒಂದು ಬಟ್ಟೆ ಚೀಲ ಇದೆ, ಟ್ರಂಕಲ್ಲಿ ಪರ್ಮನೆಂಟ್. ಕಾಲಿಲ್ಲದ ಗುಂಡು ಗಾಜಿನ ಗ್ಲಾಸ್ ನಾಲ್ಕು ಕಿಚನ್ ಟವೆಲ್‌ನಲ್ಲಿ ಸುತ್ತಿ, ಒಂದು ಕಾರ್ಕ್‌ಸ್ಕ್ರೂ, ಬಾಟಲಿಗೆ ತೊಡಿಸೋ ಫ್ರೀಜರ್ ಕವರು, ಮಿಕ್ಕಿದ್ದು ಮುಚ್ಚೋಕೆ ರಬ್ಬರ್ ಬಿರಡೆ. ನನ್ನ ಗಂಡಂಗೆ ಇದು ನಾಚಿಕೆ, "ಹೋಟ್ಲಿಗೆ ಮನೆಯಿಂದ ಗ್ಲಾಸ್ ತಗೊಂಡ್ ಹೋಗೋಳು ನೀನೊಬ್ಳೇ" ಅಂತಾರೆ. ಅವರು ಕುಡಿಯಲ್ಲ, ನಮ್ಮನೆ ಡ್ರೈವರ್ ಅವರೇ, ಆದ್ರಿಂದ ಅವರ ಅಭಿಪ್ರಾಯಕ್ಕೆ ವೋಟಿಲ್ಲ. ಹೋಟ್ಲಿನವರಂತೂ ಒಂದು ದಿನವೂ ಏನೂ ಅಂದಿಲ್ಲ, ಊಟ ಮುಗಿದ ಮೇಲೆ ತೊಳೆದೇ ವಾಪಸ್ ಕೊಡ್ತಾರೆ.

ಊಟದ ವಿಷಯ ಬಿಟ್ಟರೆ ರಿವ್ಯೂ ಆಗಲ್ಲ. ಚಿಕನ್ ಘೀ ರೋಸ್ಟ್ ಇದೆ, ಕುಂದಾಪುರದೋರು ಇದ್ದಾರಲ್ಲ, ಬ್ಯಾಡಗಿ ಮೆಣಸಿನಕಾಯಿ ಬಣ್ಣ, ತುಪ್ಪ ತಟ್ಟೆ ಅಂಚಿಗೆ ಬಂದು ನಿಂತಿರತ್ತೆ, ಹುಣಸೆ ಹುಳಿ ಸರಿಯಾಗಿ ಕೂತಿದೆ. ನೀರ್ ದೋಸೆ ಜೊತೆ ಕೋರಿ ಗಸಿ ಕೇಳಿ, ಮೆನುವಿನಲ್ಲಿ ಮ್ಯಾಂಗಲೋರ್ ಚಿಕನ್ ಕರಿ ಅಂತ ಹಾಕಿರ್ತಾರೆ. ಗೋಬಿ ಮಂಚೂರಿ ನಮ್ಮೂರ ಗಾಡಿದೇ ರುಚಿ, ಬಣ್ಣ ಮಾತ್ರ ಅಷ್ಟು ಕೆಂಪಿಲ್ಲ. ಬಿರಿಯಾನಿ ಆರ್ಡರ್ ಮಾಡ್ಬೇಡಿ, ಅದು ಎಲ್ಲರಿಗೂ ಬೇಕು ಅಂತ ಇಟ್ಟಿರೋದು.

ಇದರ ಜೊತೆ ಯಾವ ವೈನ್ ಅನ್ನೋದೇ ಬಿವೈಒಬಿಯ ನಿಜವಾದ ಲಾಭ, ದುಡ್ಡು ಉಳಿಯೋದು ಆಮೇಲೆ. ನಮ್ಮ ಊಟ ಮಾರೋ ಹೋಟ್ಲಿಗೆ ಲೈಸೆನ್ಸ್ ಇದ್ರೂ ವೈನ್ ಲಿಸ್ಟ್ ಅಂದ್ರೆ ಕ್ಯಾಬರ್ನೆ ಅನ್ನೋ ಒಂದು ಕೆಂಪು, ಶಾರ್ಡನೇ, ಪಿನೋ ಗ್ರಿಜಿಯೊ ಅನ್ನೋ ಎರಡು ಬಿಳಿ, ಮುಗೀತು. ಘೀ ರೋಸ್ಟ್ ಜೊತೆ ಗಟ್ಟಿ ಕ್ಯಾಬರ್ನೆ ಕುಡಿದು ನೋಡಿ, ಅದರ ಒಗರು ಮೆಣಸಿನ ಖಾರದ ಜೊತೆ ಸೇರ್ಕೊಂಡು ನಾಲಿಗೆ ಉರಿ ಡಬಲ್ ಆಗತ್ತೆ, ಆಲ್ಕೋಹಾಲ್ 14, 15 ಪರ್ಸೆಂಟ್ ಇದ್ರಂತೂ ಬೆಂಕಿಗೆ ಇನ್ನಷ್ಟು ತುಪ್ಪ. ಖಾರಕ್ಕೆ ಬೇಕಾಗಿರೋದು ಸ್ವಲ್ಪ ಸಿಹಿ, ಒಳ್ಳೆ ಹುಳಿ, ಕಮ್ಮಿ ಆಲ್ಕೋಹಾಲ್, ಚೆನ್ನಾಗಿ ತಣ್ಣಗಿರೋದು. ಅದಕ್ಕೆ ನಾನು ತಗೊಂಡು ಹೋಗೋದು ರೀಸ್ಲಿಂಗ್ ಅನ್ನೋ ಬಿಳಿ ವೈನ್. ನ್ಯೂಯಾರ್ಕ್ ರಾಜ್ಯದ ಫಿಂಗರ್ ಲೇಕ್ಸ್ ಕಡೆ ಬೆಳೆಯೋದು ನಮಗೆ ಲೋಕಲ್ ಅಂತಾನೇ ಲೆಕ್ಕ, ಡಾ. ಕಾನ್‌ಸ್ಟಂಟಿನ್ ಫ್ರಾಂಕ್ ಅನ್ನೋ ವೈನರಿಯದ್ದು ಸೆಮಿ ಡ್ರೈ, ಅಂದ್ರೆ ಸ್ವಲ್ಪ ಸಿಹಿ ಇರೋದು, ಅಂತ ಬರತ್ತೆ, ಲಿಕ್ಕರ್ ಸ್ಟೋರಿನಲ್ಲಿ 15ರಿಂದ 20 ಡಾಲರ್ ಒಳಗೆ ಸಿಗತ್ತೆ. ಯಾವ ರೀಸ್ಲಿಂಗ್ ಎಷ್ಟು ಸಿಹಿ ಅಂತ ಗೊತ್ತಾಗ್ದೆ ಒದ್ದಾಡೋರಿಗೆ ಒಂದು ಮಾತು, ಸುಮಾರು ಬಾಟಲಿಗಳ ಹಿಂದಿನ ಲೇಬಲ್ ಮೇಲೆ ಡ್ರೈ, ಅಂದ್ರೆ ಸಿಹಿಯೇ ಇಲ್ಲದ್ದರಿಂದ ಸ್ವೀಟ್ ತನಕ ಒಂದು ಗೆರೆ ಎಳೆದು ಅದರ ಮೇಲೆ ಗುರುತು ಹಾಕಿರ್ತಾರೆ, ಗುರುತು ಮಧ್ಯದ ಆಚೆ ಈಚೆ ಇದ್ರೆ ಕಣ್ಮುಚ್ಚಿ ತಗೊಳಿ. ಗೋಬಿ ಮಂಚೂರಿ ಜೊತೆ ಈ ವೈನ್ ಕುಡಿದ ಮೇಲೆ ನನಗೆ ಬಿಯರ್ ಬೇಡ ಅನ್ಸಿಬಿಟ್ಟಿದೆ. ಕೋರಿ ಗಸಿಯ ತೆಂಗಿನಕಾಯಿಗೆ ಗೆವುರ್ಟ್ಸ್‌ಟ್ರಾಮಿನರ್ ಅನ್ನೋ ಇನ್ನೊಂದು ಬಿಳಿ ವೈನ್ ಚೆನ್ನಾಗಿ ಹೋಗತ್ತೆ, ಹೆಸರು ಹೇಳೋಕೆ ಬರದಿದ್ರೂ ಪರವಾಗಿಲ್ಲ ಅಂಗಡಿಯಲ್ಲಿ ಬೆರಳು ತೋರಿಸಿದ್ರೆ ಕೊಡ್ತಾರೆ. ಕೆಂಪೇ ಬೇಕು ಅನ್ನೋರು ಬೊಜೊಲೆ ತಗೊಂಡು ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟು ಒಯ್ಯಿರಿ, ಒಗರು ಕಮ್ಮಿ.

ಊರಿಗೆ ಹೋದಾಗ ಗ್ರೋವರ್ ಕಂಪನಿಯ ಲಾ ರಿಸರ್ವ್ ಅನ್ನೋ ಕೆಂಪು ವೈನ್ ಒಂದು ಬಾಟಲಿ ಸೂಟ್‌ಕೇಸಲ್ಲಿ ಸೀರೆಗಳ ಮಧ್ಯೆ ಇಟ್ಕೊಂಡು ಬಂದಿದ್ದೆ. ದೊಡ್ಡಬಳ್ಳಾಪುರದ ಹತ್ರ, ನಂದಿಬೆಟ್ಟದ ಬುಡದಲ್ಲಿ ಬೆಳೆದ ದ್ರಾಕ್ಷಿ, ಫ್ರಾನ್ಸಿನ ಬೋರ್ಡೋದ ಮಿಷೆಲ್ ರೋಲಾಂಡ್ ಅನ್ನೋ ದೊಡ್ಡ ವೈನ್ ತಜ್ಞ ಸಲಹೆ ಕೊಟ್ಟಿರೋ ಕಂಪನಿ. ಅಮೆರಿಕದ ಕಸ್ಟಮ್ಸ್‌ನಲ್ಲಿ 21 ದಾಟಿದ ಒಬ್ಬರಿಗೆ ಒಂದು ಲೀಟರ್ ತನಕ ಡ್ಯೂಟಿ ಇಲ್ಲ, 750 ಎಂಎಲ್ ಬಾಟಲಿ ಅದರೊಳಗೇ ಬಂತು. ಇಂಥ ಬಾಟಲಿಯನ್ನ ಕುಡಿಯೋಕೆ ಬಿವೈಒಬಿ ಜಾಗ ಬಿಟ್ಟು ಇನ್ನೆಲ್ಲಿ ಹೋಗೋದು ಹೇಳಿ, ಯಾವ ಹೋಟ್ಲಿನ ಲಿಸ್ಟಿನಲ್ಲೂ ನಾನು ಇಲ್ಲಿ ಇದನ್ನ ನೋಡಿಲ್ಲ. ಕ್ಯಾಬರ್ನೆ, ಶಿರಾಜ್ ದ್ರಾಕ್ಷಿಗಳ ಬ್ಲೆಂಡು, ಓಕ್ ಮರದ ಪೀಪಾಯಿ ವಾಸನೆ ಇದೆ, ಘೀ ರೋಸ್ಟ್ ಪಕ್ಕ ಇಡ್ಲೇಬಾರದು, ತಂದೂರಿ ಲ್ಯಾಂಬ್ ಚಾಪ್ಸ್ ತರಿಸ್ಕೊಂಡು ಅದರ ಜೊತೆ ಕುಡಿದ್ವಿ, ಸಕತ್ತಾಗಿತ್ತು. ಮ್ಯಾನೇಜರ್‌ಗೆ ಲೇಬಲ್ ತೋರಿಸಿ ಒಂದು ಗುಟುಕು ಕೊಟ್ವಿ, ಲೇಬಲ್ ಮೇಲೆ ನಂದಿ ಹಿಲ್ಸ್ ಅಂತ ಓದಿ ಅವರು ಅಡುಗೆಮನೆ ಒಳಗೆ ತಗೊಂಡುಹೋಗಿ ಎಲ್ಲರಿಗೂ ತೋರಿಸ್ಕೊಂಡು ಬಂದ್ರು. ಅಂದ ಹಾಗೆ ಬಾಟಲಿ ಒಯ್ದಾಗ ಹೀಗೆ ಒಂದು ಗುಟುಕು ಆಫರ್ ಮಾಡೋದು ಇಲ್ಲಿ ಮರ್ಯಾದೆ, ಬೇಡ ಅಂದ್ರೆ ಬಲವಂತ ಮಾಡ್ಬೇಡಿ ಅಷ್ಟೇ.

ಇದೇ ಹೊತ್ತಿಗೆ ಹೊಳೆ ಆಚೆ ಮ್ಯಾನ್‌ಹಟನ್‌ನಲ್ಲಿ ಏನಾಗತ್ತೆ ಅಂತ ಹೇಳದೇ ಇದ್ರೆ ಹೋಲಿಕೆ ಸಿಗಲ್ಲ. ಅಲ್ಲಿ ಲೆಕ್ಕ ಉಲ್ಟಾ. ನ್ಯೂಯಾರ್ಕ್‌ನಲ್ಲಿ ಲೈಸೆನ್ಸ್ ಇಲ್ಲದ ಹೋಟ್ಲಿನಲ್ಲಿ ನಮ್ಮ ಬಾಟಲಿ ತೆಗೆಯೋ ಹಾಗೇ ಇಲ್ಲ, 20 ಜನಕ್ಕಿಂತ ಕಮ್ಮಿ ಹಿಡಿಸೋ ಪುಟ್ಟ ಜಾಗಗಳಿಗೆ ಮಾತ್ರ ವಿನಾಯಿತಿ. ಲೈಸೆನ್ಸ್ ಇರೋ ಹೋಟ್ಲಿನವರು ಬಾಟಲಿ ತನ್ನಿ ಅಂತ ಒಪ್ಪಿದ್ರೆ ಕಾರ್ಕೇಜ್ ತಗೋತಾರೆ, ತಗೊಳ್ಳೋದೇ ಸರಿ. ಆ್ಯನಿವರ್ಸರಿಗೆ ಅಂತ ಅಲ್ಲೊಂದು ದೊಡ್ಡ ಇಂಡಿಯನ್ ರೆಸ್ಟೊರೆಂಟಿಗೆ ಹೋಗಿದ್ವಿ, ಬಾಟಲಿಗೆ 40 ಡಾಲರ್ ಕಾರ್ಕೇಜ್, ಒಂದು ಟೇಬಲ್ಲಿಗೆ ಎರಡೇ ಬಾಟಲಿ, ಅವರ ಲಿಸ್ಟಿನಲ್ಲಿ ಇರೋ ವೈನ್ ತರಂಗಿಲ್ಲ, ಎಲ್ಲಾ ಫೋನ್‌ನಲ್ಲೇ ಮೊದಲೇ ಹೇಳಿದ್ರು. 40 ಡಾಲರ್ ಕೇಳಿ ಗಂಡನ ಮುಖ ನೋಡಬೇಕಿತ್ತು. ಆದ್ರೆ ನಂಗೆ ಆ ದುಡ್ಡು ಎಲ್ಲಿ ಹೋಯ್ತು ಅಂತ ಕಣ್ಣಿಗೆ ಕಾಣ್ತಿತ್ತು. ವೈನ್ ಬಡಿಸೋಕೆ ಬಂದವಳು ಮೊದಲು ಬಾಟಲಿ ತಿರುಗಿಸಿ ವರ್ಷ ನೋಡಿದ್ಲು, ಗ್ಲಾಸಿಗೆ ಒಂದು ಗುಟುಕು ಹಾಕಿ ರುಚಿ ನೋಡಿ ಅಂದ್ಲು, ಹಳೆ ಕೆಂಪು ಅಂತ ಗಷ್ಟು ತಳದಲ್ಲೇ ನಿಲ್ಲೋ ಹಾಗೆ ದೀಪದ ಎದುರು ಹಿಡಿದು ನಿಧಾನಕ್ಕೆ ಬೇರೆ ಜಾಡಿಗೆ ಬಗ್ಗಿಸಿದ್ಲು, ಕೊನೆ ಎರಡು ಬೆರಳಷ್ಟು ಬಾಟಲಿಯಲ್ಲೇ ಬಿಟ್ಲು. ಗ್ಲಾಸ್ ಎಷ್ಟು ತೆಳ್ಳಗೆ ಅಂದ್ರೆ ಹಲ್ಲಿಗೆ ತಾಗಿದ್ರೆ ಒಡೆಯತ್ತೇನೋ ಅಂತ ಭಯ. ನಾನು ಕೊಟ್ಟಿದ್ದು ಆ ಗ್ಲಾಸಿಗೆ, ಅದನ್ನ ತೊಳೆಯೋ ಕೈಗೆ, ನಾವು ಅವರ ವೈನ್ ಕುಡಿಯದೇ ಇದ್ದಿದ್ದಕ್ಕೆ ಅವರಿಗಾದ ನಷ್ಟಕ್ಕೆ. ಹೋಟ್ಲುಗಳು ಅಂಗಡಿ ರೇಟಿಗಿಂತ ಎರಡು ಮೂರು ಪಟ್ಟು ಹಾಕಿ ವೈನ್ ಮಾರಿ ತಾನೆ ಬಾಡಿಗೆ ಕಟ್ಟೋದು.

ಆದ್ರೆ ಎಲ್ಲಾ ಹಂಗಿರಲ್ಲ. ಅಲ್ಲೇ ಇನ್ನೊಂದು ಕಡೆ ಕಾರ್ಕೇಜ್ ಇದೆ ಅನ್ನೋದನ್ನೇ ಹೇಳ್ದೆ ಬಿಲ್ಲಿಗೆ ಸೇರಿಸಿ ತಂದಿಟ್ರು, ಫ್ರೆಂಡ್ ತಂದಿದ್ದು ಮ್ಯಾಗ್ನಮ್, ಅಂದ್ರೆ ಒಂದೂವರೆ ಲೀಟರಿಂದು, ಅದಕ್ಕೆ ಎರಡು ಬಾಟಲಿ ಲೆಕ್ಕ. ಮ್ಯಾಗ್ನಮ್‌ಗೆ ಡಬಲ್ ತಗೊಳ್ಳೋದು ಪದ್ಧತಿ, ಅದಕ್ಕೆ ತಕರಾರಿಲ್ಲ, ಆದ್ರೆ ಗ್ಲಾಸ್ ಮಾತ್ರ ದಪ್ಪನೆ ನೀರಿನ ಗ್ಲಾಸು, ಬಿಳಿ ವೈನಿಗೆ ಐಸ್ ಕೇಳಿದ್ರೆ ಮುಖ ಗಂಟು, ಬಾಟಲಿ ಸುರ್ಕೊಂಡಿದ್ದೂ ನಾವೇ. ಏನೂ ಕೊಡದೇ ಇದ್ರೆ ಯಾಕೆ ತಗೋಬೇಕು? ನಮ್ಮ ಎಡಿಸನ್ ಹುಡುಗ ಇದಕ್ಕಿಂತ ಸಾವಿರ ಪಾಲು ವಾಸಿ, ಕೊಡ್ಲಿಲ್ಲ ನಿಜ, ಕೇಳ್ಲೂ ಇಲ್ಲ.

ಲೆಕ್ಕ ಹಾಕೋದು ಸಿಂಪಲ್. 40 ಡಾಲರ್ ಕಾರ್ಕೇಜ್ ಇರೋ ಕಡೆ 15 ಡಾಲರ್ ಬಾಟಲಿ ಒಯ್ಯೋದು ಮೂರ್ಖತನ, ಒಟ್ಟು 55 ಆಯ್ತು, ಅಷ್ಟಕ್ಕೆ ಅವರ ಲಿಸ್ಟಿನಲ್ಲೇ ಅಂಥದ್ದೇ ಒಂದು ಬರತ್ತೆ. ಅಲ್ಲಿಗೆ ಒಯ್ಯಬೇಕಾಗಿರೋದು ಅಂಗಡಿಯಲ್ಲೇ 70, 80 ಕೊಟ್ಟಿದ್ದು, ಇಲ್ಲಾ ಯಾರೋ ಗಿಫ್ಟ್ ಕೊಟ್ಟಿದ್ದು, ಮದುವೆ ವರ್ಷದ್ದು ಅಂತ ಎತ್ತಿಟ್ಟಿದ್ದು. ಎಡಿಸನ್ನಿನಲ್ಲಿ 15ರ ಬಾಟಲಿಗೆ 15 ಮಾತ್ರ, ಹಂಗಾಗಿ ದಿನದ ವೈನಿಗೆ ಇದೇ ಸರಿ, ದೊಡ್ಡ ವೈನಿಗೆ ಇದು ಜಾಗ ಅಲ್ಲ. ಫಿಲಡೆಲ್ಫಿಯಾ ಕಡೆ ಇರೋರು ಮಧ್ಯದ ದಾರಿಯಲ್ಲಿದ್ದಾರೆ. ಪೆನ್ಸಿಲ್ವೇನಿಯಾದಲ್ಲಿ ಲಿಕ್ಕರ್ ಅಂಗಡಿ ನಡೆಸೋದೇ ಸರ್ಕಾರ, ಲೈಸೆನ್ಸ್ ಅಲ್ಲೂ ದುಬಾರಿ, ಅದಕ್ಕೆ ಚಿಕ್ಕ ಚಿಕ್ಕ ಬಿವೈಒಬಿ ಹೋಟ್ಲುಗಳು ತುಂಬಾ, ಕೆಲವರು ಬಾಟಲಿಗೆ ಅಷ್ಟೋ ಇಷ್ಟೋ ತಗೋತಾರೆ, ಬದಲಿಗೆ ಮರ್ಯಾದಸ್ತ ಗ್ಲಾಸ್ ಕೊಡ್ತಾರೆ. ನನ್ನ ಕೇಳಿದ್ರೆ ಅದೇ ಬೆಸ್ಟ್. ನ್ಯೂಜೆರ್ಸಿಯೂ ಐದೋ ಹತ್ತೋ ಡಾಲರಿಗೆ ಮಿತಿ ಹಾಕಿ ಬಿಟ್ಟಿದ್ರೆ ನಮ್ಮ ಮ್ಯಾನೇಜರ್ರೂ ಒಂದು ಡಜನ್ ಗ್ಲಾಸ್ ತಂದಿಡ್ತಿದ್ರು.

ಊರಲ್ಲಿ ಹೀಗೆ ಮಾಡಬಹುದಾ ಅಂತ ತಂಗಿ ಕೇಳಿದ್ಲು. ಬೆಂಗಳೂರಲ್ಲಿ ಬಾರ್ ಲೈಸೆನ್ಸ್ ಇರೋ ಕೆಲವು ದೊಡ್ಡ ರೆಸ್ಟೊರೆಂಟುಗಳು, ಸ್ಟಾರ್ ಹೋಟ್ಲುಗಳು ಕೇಳಿದ್ರೆ ಕಾರ್ಕೇಜ್ ತಗೊಂಡು ಬಿಡ್ತಾರೆ, ಆದ್ರೆ ಲೈಸೆನ್ಸ್ ಇಲ್ಲದ ಹೋಟ್ಲಿನಲ್ಲಿ ಬಾಟಲಿ ತೆಗೆದ್ರೆ ಅಬಕಾರಿಯವರ ಕೇಸು. ಮಿಲ್ಟ್ರಿ ಹೋಟ್ಲಲ್ಲಿ ಸ್ಪ್ರೈಟ್ ಬಾಟಲಿಗೆ ಬೆರೆಸ್ಕೊಂಡು ಕೂತು ನಾಟಿ ಕೋಳಿ ತಿನ್ನೋರನ್ನ ನೀವೂ ನೋಡಿರ್ತೀರ, ಅದನ್ನ ಬಿವೈಒಬಿ ಅಂತ ಕರೆಯಕ್ಕಾಗಲ್ಲ.

ಹೋಗೋ ಮೊದಲು ಫೋನ್ ಮಾಡ್ಲೇಬೇಕು. ಓಕ್ ಟ್ರೀ ರೋಡ್ ಸುತ್ತ ಪ್ಯೂರ್ ವೆಜ್ ಜಾಗಗಳಲ್ಲಿ ಸುಮಾರು ಕಡೆ ಬಾಟಲಿ ಬೇಡ ಅಂತಾರೆ, ಹಲಾಲ್ ಹೋಟ್ಲುಗಳೂ ಹಾಗೇ, ಅವರ ಜಾಗ ಅವರಿಷ್ಟ. ಟೌನ್ ಕೂಡ ತನ್ನ ಕಡೆಯಿಂದ ಬೇಡ ಅನ್ನಬಹುದು, ಆ ಅಧಿಕಾರ ಅದಕ್ಕಿದೆ. ಅತ್ತೆ ಮಾವ ಬಂದಿರೋ ತಿಂಗಳುಗಳಲ್ಲಿ ನಮ್ಮ ಚೀಲ ಟ್ರಂಕಲ್ಲೇ ಇರತ್ತೆ, ಅದಕ್ಕೆ ಯಾವ ಕಾನೂನೂ ಬೇಕಾಗಿಲ್ಲ. ಟಿಪ್ ವಿಷಯದಲ್ಲಿ ಜಿಪುಣತನ ಮಾಡ್ಬೇಡಿ. ವೈನ್ ಬಿಲ್ಲಲ್ಲಿ ಇಲ್ಲದೇ ಇರೋದ್ರಿಂದ ಮೊತ್ತ ಚಿಕ್ಕದು, ಅದರ ಮೇಲೆ 18 ಪರ್ಸೆಂಟ್ ಹಾಕಿದ್ರೆ ಐಸ್ ತಂದು, ಗ್ಲಾಸ್ ತೊಳೆದು, ಎರಡು ಗಂಟೆ ನಮ್ಮ ಹಿಂದೆ ಓಡಾಡಿದ ಹುಡುಗಂಗೆ ಏನೂ ಸಿಗಲ್ಲ. ನಾನು ಕಾರ್ಕೇಜ್ ಅಂತ ಕೊಡೋಕೆ ರೆಡಿ ಇದ್ದ ಹತ್ತು ಡಾಲರನ್ನ ಕ್ಯಾಶ್ ಆಗಿ ಅವನ ಕೈಗೇ ಕೊಡ್ತೀನಿ. ಮಿಕ್ಕಿದ ಬಾಟಲಿಯನ್ನ ಬಿಗಿಯಾಗಿ ಮುಚ್ಚಿ ಟ್ರಂಕಿಗೇ ಹಾಕಿ, ಸೀಟ್ ಹತ್ರ ತೆರೆದ ಬಾಟಲಿ ಇಟ್ಕೊಂಡು ಓಡಿಸಿದ್ರೆ ಇಲ್ಲಿ ಫೈನ್, ಕುಡಿಯದೇ ಇರೋರು ಓಡಿಸಿದ್ರೂ ಅದೇ.

ಸೋಮವಾರ ರಜೆ. ವಾರದ ದಿನ ಏಳು ಗಂಟೆ ಒಳಗೆ ಹೋದ್ರೆ ಕಿಟಕಿ ಪಕ್ಕದ ಟೇಬಲ್ ಸಿಗತ್ತೆ, ಮಂಗಳವಾರ ಅಡುಗೆಗೆ ಬೇರೆಯವರು ಬರ್ತಾರೆ ಅನ್ಸತ್ತೆ, ಘೀ ರೋಸ್ಟ್ ಅಷ್ಟು ಚೆನ್ನಾಗಿರಲ್ಲ. ಐಸ್ ಬಕೆಟ್ ಇದ್ಯಾ ಅಂತ ಕೇಳಿದ್ರೆ ಇಲ್ಲ ಅಂತಾರೆ, "ರಾಯ್ತ ಕಲಸೋ ದೊಡ್ಡ ಸ್ಟೀಲ್ ಪಾತ್ರೆಗೆ ಐಸ್ ಹಾಕಿ ಕೊಡಿ" ಅನ್ನಿ, ತಕ್ಷಣ ತಂದಿಡ್ತಾರೆ.